ಪೀಣ್ಯದ ಮೋರಿಯಿಂದ ಬಂಗಾಳ ಕೊಲ್ಲಿವರೆಗೆ: ನೀರಿನ ವಿಷ ಹಿಡಿಯೋ ಪುಟ್ಟ ಚಿಪ್ ಹೇಗೆ ಕೆಲಸ ಮಾಡುತ್ತೆ?

ಪೀಣ್ಯದಲ್ಲಿ ರಾತ್ರಿ ಮೋರಿಗೆ ಬಿಟ್ಟ ನೀರು ಒಂದಲ್ಲ ಒಂದು ದಿನ ಸಮುದ್ರ ಸೇರುತ್ತೆ ಅಂದರೆ ಯಾರೂ ಸುಲಭಕ್ಕೆ ನಂಬಲ್ಲ. ಆದರೆ ದಾರಿ ನೋಡಿ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಭಾಗದ ನೀರು ವೃಷಭಾವತಿ ಕಣಿವೆಗೆ ಇಳಿಯುತ್ತೆ. ಅಲ್ಲಿಂದ ಕೆಂಗೇರಿ, ಬಿಡದಿ ದಾಟಿ ಬೈರಮಂಗಲ ಕೆರೆ. ಮುಂದೆ ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿ, ಸಂಗಮದಲ್ಲಿ ಕಾವೇರಿ, ಆಮೇಲೆ ಮೆಟ್ಟೂರು, ಕೊನೆಗೆ ತಮಿಳುನಾಡಿನ ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ.

ವೈಟ್‌ಫೀಲ್ಡ್ ಕಡೆಯವರ ನೀರಿಗೆ ಇನ್ನೊಂದು ದಾರಿ. ಬೆಳ್ಳಂದೂರು ಕೆರೆ ತುಂಬಿ ವರ್ತೂರಿಗೆ ಹರಿಯುತ್ತೆ, ವರ್ತೂರು ಕೋಡಿಯಿಂದ ದಕ್ಷಿಣ ಪಿನಾಕಿನಿ. ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟು, ನಂತರ ಕೃಷ್ಣಗಿರಿ, ಸಾತನೂರು. ಕಡಲೂರಿನ ಹತ್ತಿರ ಅದೂ ಅದೇ ಕೊಲ್ಲಿಗೇ ಹೋಗಿ ಬೀಳುತ್ತೆ. ಸಮುದ್ರ ನೋಡೋಕೆ ನಾವು ಬಸ್ ಹತ್ತಬೇಕು, ನಮ್ಮ ಕೊಳಕು ನೀರಿಗೆ ಆ ಕಷ್ಟ ಇಲ್ಲ.

ಸಮುದ್ರದ ಮಾಲಿನ್ಯ ಅಳೆಯೋಕೆ ಅಂತ ವಿಜ್ಞಾನಿಗಳು ಕಳೆದ ಕೆಲವು ವರ್ಷಗಳಿಂದ ಒಂದು ತಂತ್ರಜ್ಞಾನ ಬೆಳೆಸ್ತಾ ಇದ್ದಾರೆ. ಹೆಸರು ಮೈಕ್ರೋಫ್ಲೂಯಿಡಿಕ್ಸ್. ಕನ್ನಡದಲ್ಲಿ ಸೂಕ್ಷ್ಮದ್ರವ ತಂತ್ರಜ್ಞಾನ ಅನ್ನಬಹುದು. ಇಡೀ ಪ್ರಯೋಗಾಲಯದ ಕೆಲಸವನ್ನ ಅಂಗೈಯಲ್ಲಿ ಹಿಡಿಸೋ ಒಂದು ಚಿಪ್ ಒಳಗೆ ಮಾಡಿ ಮುಗಿಸೋದು ಇದರ ಗುರಿ. ಚಿಪ್ ಅಂದ ತಕ್ಷಣ ಮೊಬೈಲ್ ಚಿಪ್ ನೆನಪಿಗೆ ಬರುತ್ತೆ. ಅದರಲ್ಲಿ ಕರೆಂಟ್ ಹರಿಯುತ್ತೆ, ಇದರಲ್ಲಿ ನೀರು ಹರಿಯುತ್ತೆ. ಸಮುದ್ರಕ್ಕೆ ಅಂತ ಮಾಡಿದ ಈ ಯಂತ್ರ ನಮ್ಮ ಮೋರಿ, ಕೆರೆ, ಬೋರ್‌ವೆಲ್ ವಿಷಯದಲ್ಲಿ ಏನು ಮಾಡಬಲ್ಲದು, ಏನು ಮಾಡಲ್ಲ ಅನ್ನೋದನ್ನ ಇಲ್ಲಿ ಬಿಡಿಸಿ ಹೇಳಲಾಗಿದೆ.

ಒಂದು ಬಾಟಲಿ, 43,200 ನಿಮಿಷ

ಈಗ ನೀರಿನ ಪರೀಕ್ಷೆ ಹೇಗೆ ನಡೆಯುತ್ತೆ? ಬೆಂಗಳೂರಿನ ಕೆರೆಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ತಿಂಗಳಿಗೊಮ್ಮೆ ಬರ್ತಾರೆ, ಬಾಟಲಿಯಲ್ಲಿ ಮಾದರಿ ತುಂಬ್ತಾರೆ, ಲ್ಯಾಬಿಗೆ ಒಯ್ತಾರೆ. ಲ್ಯಾಬಿನ ಯಂತ್ರಗಳು ಒಳ್ಳೆಯವೇ, ವರದಿಯೂ ಸರಿಯಾಗೇ ಇರುತ್ತೆ. ತೊಂದರೆ ಇರೋದು ಲೆಕ್ಕದಲ್ಲಿ. 30 ದಿನದಲ್ಲಿ 43,200 ನಿಮಿಷ ಇದೆ. ಆ ಬಾಟಲಿ ತುಂಬಿದ್ದು ಅದರಲ್ಲಿ ಒಂದೇ ನಿಮಿಷದ ನೀರು.

ಕೆರೆಯಲ್ಲಿ ನೀರು ನಿಂತಿರುತ್ತೆ, ಹಾಗಾಗಿ ಒಂದು ಬಾಟಲಿಯಿಂದಲೂ ಸ್ವಲ್ಪ ಮಟ್ಟಿಗೆ ಅಂದಾಜು ಸಿಗುತ್ತೆ. ಮೋರಿಯ ಕಥೆ ಹಾಗಲ್ಲ. ರಾತ್ರಿ ಎರಡು ಗಂಟೆಗೆ ಯಾರೋ ಒಂದು ಟ್ಯಾಂಕ್ ಬಿಟ್ಟರೆ ಬೆಳಗಿನ ಜಾವ ನಾಲ್ಕಕ್ಕೆ ಅದು ಕಿಲೋಮೀಟರ್‌ಗಟ್ಟಲೆ ದೂರ ಹೋಗಿರುತ್ತೆ. ಹನ್ನೊಂದು ಗಂಟೆಗೆ ಜೀಪ್‌ನಲ್ಲಿ ಬಂದವರಿಗೆ ಸಿಗೋದು ಬರೀ ಮಾಮೂಲಿ ಚರಂಡಿ ನೀರು. ಮಳೆ ಬಂದ ರಾತ್ರಿಯಂತೂ ಕೇಳೋರೇ ಇಲ್ಲ, ಮಳೆ ನೀರಿನ ಜೊತೆ ಎಲ್ಲವೂ ತೊಳೆದು ಹೋಗುತ್ತೆ. ನದಿ ದಂಡೆಯ ಊರಿನವರ ಹಳೇ ದೂರು ಇದೇ: ವಾಸನೆ ಬರೋದು ರಾತ್ರಿ, ಸಾಹೇಬರು ಬರೋದು ಹಗಲು.

ಸಮುದ್ರದಲ್ಲೂ ಇದೇ ಗೋಳು, ಇನ್ನೂ ದೊಡ್ಡ ಅಳತೆಯಲ್ಲಿ. ಒಂದು ಮಾದರಿ ತರೋಕೆ ಹಡಗು ಹೋಗಬೇಕು, ಹಡಗಿಗೆ ಡೀಸೆಲ್, ಸಿಬ್ಬಂದಿ, ಹವಾಮಾನ ಎಲ್ಲಾ ಕೂಡಿ ಬರಬೇಕು. ಭಾರತದಲ್ಲಿ ಕರಾವಳಿ ನೀರಿನ ಗುಣಮಟ್ಟ ನೋಡೋ ಕೇಂದ್ರ ಸರ್ಕಾರದ ಕಾರ್ಯಕ್ರಮ 1990ರ ದಶಕದ ಶುರುವಿನಿಂದ ಇದೆ. ಈಗ ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಅದನ್ನ ನೋಡಿಕೊಳ್ತಿದೆ. ಅದಕ್ಕೂ ದೋಣಿಯಲ್ಲಿ ಹೋಗಿ ಬಾಟಲಿ ತುಂಬೋದೇ ಮುಖ್ಯ ದಾರಿ. ಬಾಟಲಿಯನ್ನ ಲ್ಯಾಬಿಗೆ ತರೋ ಬದಲು ಲ್ಯಾಬನ್ನೇ ನೀರಿಗೆ ಇಳಿಸಿದರೆ ಹೇಗೆ ಅನ್ನೋ ಯೋಚನೆ ಇಂಥ ಕಡೆಯಿಂದಲೇ ಬಲ ಪಡೆದದ್ದು. 15 ನಿಮಿಷಕ್ಕೊಮ್ಮೆ ಪರೀಕ್ಷೆ ಮಾಡೋ ಯಂತ್ರ ಒಂದಿದ್ದರೆ ತಿಂಗಳಿಗೆ 2,880 ಫಲಿತಾಂಶ. ರಾತ್ರಿ ಎರಡು ಗಂಟೆಯದೂ ಅದರಲ್ಲಿ ಇರುತ್ತೆ.

ಚಿಪ್ ಒಳಗೆ ಏನಾಗುತ್ತೆ

ಗಾಜು ಅಥವಾ ಅಕ್ರಿಲಿಕ್ ತರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಸಣ್ಣ ಸಣ್ಣ ಕಾಲುವೆ ಕೊರೆದಿರ್ತಾರೆ. ಅಗಲ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಅರ್ಧ ಮಿಲಿಮೀಟರ್‌ವರೆಗೆ. ತಲೆಕೂದಲಿನ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ ಅಂದುಕೊಳ್ಳಿ. ಮೇಲೆ ಇನ್ನೊಂದು ಹಾಳೆ ಅಂಟಿಸಿ ಮುಚ್ಚಿದರೆ ಚಿಪ್ ಸಿದ್ಧ. ಒಂದು ಕಡೆಯಿಂದ ಪರೀಕ್ಷೆ ಮಾಡಬೇಕಾದ ನೀರು ಬರುತ್ತೆ, ಇನ್ನೊಂದು ಕಡೆಯಿಂದ ಬಣ್ಣ ಬರಿಸೋ ರಾಸಾಯನಿಕ ಬರುತ್ತೆ. ಎರಡೂ ಕೂಡಿ ಬಣ್ಣ ಬರುತ್ತೆ. ಆ ಬಣ್ಣದ ಮೂಲಕ ಒಂದು ಎಲ್‌ಇಡಿ ಬೆಳಕು ಹಾಯಿಸಿ, ಆಚೆ ಕಡೆ ಎಷ್ಟು ಬೆಳಕು ಬಂತು ಅಂತ ಸೆನ್ಸರ್ ಅಳೆಯುತ್ತೆ. ಬಣ್ಣ ಗಾಢವಾದಷ್ಟೂ ಬೆಳಕು ಕಡಿಮೆ ಬರುತ್ತೆ, ಅಂದರೆ ಮಾಲಿನ್ಯ ಜಾಸ್ತಿ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕಲರಿಮೀಟರ್ ನೋಡಿದವರಿಗೆ ಇದು ಹೊಸದೇನಲ್ಲ. ಹೊಸದು ಅದರ ಗಾತ್ರ.

ಗಾತ್ರ ಚಿಕ್ಕದಾದರೆ ಏನು ಲಾಭ ಅಂತ ಕೇಳಬಹುದು. ಮೊದಲನೆಯದು ರಾಸಾಯನಿಕದ ಉಳಿತಾಯ. ಒಂದು ಹನಿ ನೀರು ಅಂದರೆ ಸುಮಾರು 50 ಮೈಕ್ರೋಲೀಟರ್. ಒಂದು ಪರೀಕ್ಷೆಗೆ ಕೆಲವೇ ಹನಿ ಸಾಕಾದರೆ ಸಣ್ಣ ಚೀಲದಲ್ಲಿ ತುಂಬಿಟ್ಟ ರಾಸಾಯನಿಕ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬರುತ್ತೆ. ಪಂಪ್ ಚಿಕ್ಕದು, ಬ್ಯಾಟರಿ ಚಿಕ್ಕದು.

ಎರಡನೆಯದು ಇನ್ನೂ ಸ್ವಾರಸ್ಯ. ಇಷ್ಟು ಕಿರಿದಾದ ಕಾಲುವೆಯಲ್ಲಿ ನೀರು ಸುಳಿ ಹಾಕಲ್ಲ, ಅಲೆ ಎಬ್ಬಿಸಲ್ಲ. ಎರಡು ದ್ರವ ಪಕ್ಕಪಕ್ಕದಲ್ಲೇ ಎರಡು ಲೇನ್‌ನಲ್ಲಿ ಹೋಗೋ ಗಾಡಿಗಳ ತರ ಶಿಸ್ತಾಗಿ ಹರಿಯುತ್ತವೆ. ಔಟರ್ ರಿಂಗ್ ರೋಡ್‌ನಲ್ಲಿ ಕಾಣದ ಶಿಸ್ತು ಇಲ್ಲಿ ಕಾಣುತ್ತೆ. ಹಾಗಾದರೆ ಬೆರೆಯೋದು ಹೇಗೆ? ಕಣಗಳು ತಾವಾಗೇ ಅತ್ತಿಂದಿತ್ತ ಹರಡಿಕೊಂಡು ಬೆರೆಯುತ್ತವೆ. ಈ ಹರಡೋ ಸಮಯ ದೂರದ ವರ್ಗಕ್ಕೆ ತಕ್ಕಂತೆ ಇರುತ್ತೆ. ದೂರ 100 ಪಟ್ಟು ಕಡಿಮೆ ಆದರೆ ಸಮಯ 10,000 ಪಟ್ಟು ಕಡಿಮೆ. ಕಲಕದೆ ಬಿಟ್ಟರೆ ಒಂದು ಸೆಂಟಿಮೀಟರ್ ಹರಡೋಕೆ ಅರ್ಧ ದಿನಕ್ಕಿಂತ ಹೆಚ್ಚು ಬೇಕಾಗೋ ರಾಸಾಯನಿಕ, ಹತ್ತನೇ ಒಂದು ಮಿಲಿಮೀಟರನ್ನ ಕೆಲವೇ ಸೆಕೆಂಡಿನಲ್ಲಿ ದಾಟುತ್ತೆ. ಇನ್ನೂ ಬೇಗ ಬೆರೆಯಲಿ ಅಂತ ಕಾಲುವೆಯನ್ನ ಹಾವಿನ ತರ ಸುತ್ತಿಸಿರ್ತಾರೆ.

ಪ್ರತಿ ಅಳತೆಯ ಜೊತೆ ಯಂತ್ರ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳೋ ಏರ್ಪಾಡೂ ಇರುತ್ತೆ. ಮೊದಲು ಶುದ್ಧ ನೀರು, ಆಮೇಲೆ ಪ್ರಮಾಣ ಗೊತ್ತಿರೋ ದ್ರಾವಣ, ಆಮೇಲೆ ಹೊರಗಿನ ನೀರು. ಅಂಗಡಿಯವರು ತಕ್ಕಡಿಗೆ ಮೊದಲು ಕಲ್ಲಿಟ್ಟು ಸರಿ ಇದೆಯಾ ನೋಡೋ ಹಾಗೆ. ಈ ಹೆಜ್ಜೆ ಇಲ್ಲದ ಯಂತ್ರ ಕೊಡೋ ಅಂಕಿಗೆ ಬೆಲೆ ಇಲ್ಲ.

ಸಮುದ್ರದಲ್ಲಿ ಎಲ್ಲಿವರೆಗೆ ಬಂದಿದೆ

1979ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಸಿಲಿಕಾನ್ ಬಿಲ್ಲೆಯ ಮೇಲೆ ಅನಿಲ ಪರೀಕ್ಷಾ ಯಂತ್ರ ಮಾಡಿದ್ದು ಈ ದಾರಿಯ ಮೊದಲ ಹೆಜ್ಜೆಗಳಲ್ಲಿ ಒಂದು. 1990ರ ದಶಕದಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ ರಬ್ಬರ್ ತರದ ಸಿಲಿಕೋನ್ ಎರಕ ಹೊಯ್ದು ಚಿಪ್ ಮಾಡೋ ಅಗ್ಗದ ವಿಧಾನ ತಂದ ಮೇಲೆ ಪ್ರಪಂಚದ ಎಲ್ಲಾ ಕಡೆ ಇದು ಹರಡಿತು. 2007ರಲ್ಲಿ ಅದೇ ತಂಡ ಇನ್ನೂ ಅಗ್ಗದ ದಾರಿ ತೋರಿಸಿತು: ಕಾಗದ. ಕಾಗದದ ಮೇಲೆ ನೀರು ಹೀರದ ಗೆರೆ ಎಳೆದರೆ ಮಧ್ಯದ ಜಾಗವೇ ಕಾಲುವೆ, ಪಂಪೂ ಬೇಡ.

ಸಮುದ್ರಕ್ಕೆ ಇಳಿಸೋ ಕೆಲಸದಲ್ಲಿ ಮುಂದೆ ಇರೋದು ಬ್ರಿಟನ್ನಿನ ಸೌತಾಂಪ್ಟನ್‌ನಲ್ಲಿರೋ ರಾಷ್ಟ್ರೀಯ ಸಾಗರಶಾಸ್ತ್ರ ಕೇಂದ್ರ. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್, ಪಿಎಚ್ ಅಳೆಯೋ ಚಿಪ್ ಯಂತ್ರಗಳನ್ನ ಅವರು ಮಾಡಿದ್ದಾರೆ. ನೀರಿನೊಳಗೆ ತಾನೇ ಓಡಾಡೋ ವಾಹನಗಳಿಗೂ ಕಟ್ಟಿ ಬಿಟ್ಟಿದ್ದಾರೆ, ಗ್ರೀನ್‌ಲ್ಯಾಂಡಿನ ಹಿಮ ಕರಗಿ ಹರಿಯೋ ನೀರಲ್ಲೂ ಇಟ್ಟು ನೋಡಿದ್ದಾರೆ. ಚಿಪ್‌ಗೆ ಬಳಸೋ ಅಕ್ರಿಲಿಕ್ ಸ್ವಲ್ಪ ಕಪ್ಪು ಬಣ್ಣದ್ದು. ಬೇಡದ ಬೆಳಕು ಹೀರಿಕೊಂಡು ಅಳತೆ ನಿಖರವಾಗಿ ಬರಲಿ ಅಂತ ಈ ಉಪಾಯ.

ನೈಟ್ರೇಟ್ ಅಳೆಯೋ ಆ ಚಿಪ್‌ನಲ್ಲಿ ಒಂದು ತಮಾಷೆ ಇದೆ. ನೈಟ್ರೇಟನ್ನ ನೇರವಾಗಿ ಬಣ್ಣಕ್ಕೆ ತರೋಕೆ ಆಗಲ್ಲ, ಮೊದಲು ನೈಟ್ರೈಟ್ ಮಾಡಬೇಕು. ಅದಕ್ಕೆ ಬಳಸೋದು ಕ್ಯಾಡ್ಮಿಯಂ, ಅದೇ ಒಂದು ವಿಷದ ಲೋಹ! ಹಾಗಾಗಿ ಪರೀಕ್ಷೆ ಮುಗಿದ ತ್ಯಾಜ್ಯವನ್ನ ಸಮುದ್ರಕ್ಕೆ ಬಿಡದೆ ಚೀಲದಲ್ಲಿ ತುಂಬಿ ವಾಪಸ್ ತರ್ತಾರೆ. ಮಾಲಿನ್ಯ ಅಳೆಯೋ ಯಂತ್ರಕ್ಕೇ ಈ ಶಿಸ್ತು ಇದೆ ಅನ್ನೋದನ್ನ ನಮ್ಮ ಕಡೆಯ ಕೆಲವರು ಗಮನಿಸಬೇಕು.

ಐರ್ಲೆಂಡಿನ ಡಬ್ಲಿನ್ ಸಿಟಿ ಯೂನಿವರ್ಸಿಟಿಯವರು ಫಾಸ್ಫೇಟ್ ಅಳೆಯೋ ಚಿಪ್ ಯಂತ್ರ ಮಾಡಿ, ಒಳಚರಂಡಿ ನೀರು ಶುದ್ಧೀಕರಿಸೋ ಘಟಕದಲ್ಲೂ, ನದಿ ಸಮುದ್ರ ಸೇರೋ ಅಳಿವೆಯಲ್ಲೂ ಇಟ್ಟು ನೋಡಿದ್ದಾರೆ. ನಮಗೆ ಹತ್ತಿರದ ಉದಾಹರಣೆ ಇದೇ. ಯಾಕಂದರೆ ಸಮುದ್ರದ ನೀರಿಗಿಂತ ಎಸ್‌ಟಿಪಿ ನೀರು ನಮ್ಮ ಕೆರೆಗಳಿಗೆ ಹತ್ತಿರದ ಸಂಬಂಧಿ.

ಪೀಣ್ಯಕ್ಕೆ ಬೇಕಾಗಿರೋದು ಕ್ರೋಮಿಯಂ ಅಳತೆ

1970ರ ದಶಕದಿಂದ ಬೆಳೆದ ಪೀಣ್ಯದಲ್ಲಿ ಸಾವಿರಾರು ಸಣ್ಣ ಘಟಕಗಳಿವೆ. ಅದರಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಅಂಗಡಿಗಳು ಬಹಳ. ಬೈಕ್ ಹ್ಯಾಂಡಲ್, ನಲ್ಲಿ, ಬೋಲ್ಟು ಎಲ್ಲಾ ಫಳಫಳ ಹೊಳೆಯೋದು ಕ್ರೋಮ್ ಲೇಪನದಿಂದ. ಲೇಪನದ ತೊಟ್ಟಿಯಲ್ಲಿ ಇರೋದು ಕ್ರೋಮಿಕ್ ಆಸಿಡ್. ಅದರಲ್ಲಿರೋ ಕ್ರೋಮಿಯಂಗೆ ಹೆಕ್ಸಾವಲೆಂಟ್ ಕ್ರೋಮಿಯಂ ಅಂತ ಹೆಸರು, ಅಂಗಡಿಯವರ ಬಾಯಲ್ಲಿ ಬರೀ ಕ್ರೋಮ್ ನೀರು. ಇದು ನೀರಿನಲ್ಲಿ ಸುಲಭವಾಗಿ ಕರಗಿ ಹೋಗುತ್ತೆ, ಮಣ್ಣಲ್ಲಿ ಇಳಿದು ಅಂತರ್ಜಲ ಸೇರುತ್ತೆ. ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನ ಇಟ್ಟಿದೆ. ಪೀಣ್ಯದ ಬೋರ್‌ವೆಲ್ ನೀರಿನಲ್ಲಿ ಕ್ರೋಮಿಯಂ ಇರೋದು ಗುಟ್ಟೇನಲ್ಲ, ಅಂತರ್ಜಲ ಅಧ್ಯಯನಗಳು ವರ್ಷಗಳ ಹಿಂದೆಯೇ ಹೇಳಿವೆ.

ಕುಡಿಯೋ ನೀರಿಗೆ ಬಿಐಎಸ್ ಇಟ್ಟಿರೋ ಮಿತಿ ಲೀಟರ್‌ಗೆ 0.05 ಮಿಲಿಗ್ರಾಂ ಕ್ರೋಮಿಯಂ. ಅಂದರೆ ಮನೆ ಮೇಲಿನ 1,000 ಲೀಟರ್ ಸಿಂಟೆಕ್ಸ್ ಟ್ಯಾಂಕಿನಲ್ಲಿ ಎರಡು ಅಕ್ಕಿ ಕಾಳಿನಷ್ಟು ತೂಕ. ಕಣ್ಣಿಗೆ, ನಾಲಿಗೆಗೆ ಗೊತ್ತಾಗೋ ಮಾತೇ ಇಲ್ಲ. ನೀರು ಹಳದಿ ಕಾಣೋ ಹೊತ್ತಿಗೆ ಮಿತಿ ದಾಟಿ ಎಷ್ಟೋ ಪಟ್ಟು ಮುಂದೆ ಹೋಗಿರುತ್ತೆ. ಕಾರ್ಖಾನೆಗಳಿಂದ ಹಳ್ಳ, ಕೆರೆ, ನದಿಗೆ ಬಿಡೋ ನೀರಿಗೆ ಹೆಕ್ಸಾವಲೆಂಟ್ ಕ್ರೋಮಿಯಂ ಮಿತಿ ಲೀಟರ್‌ಗೆ 0.1 ಮಿಲಿಗ್ರಾಂ. ಸಮುದ್ರಕ್ಕೆ ಬಿಡೋದಾದರೆ 1 ಮಿಲಿಗ್ರಾಂ, ಹತ್ತು ಪಟ್ಟು ಸಡಿಲ. ಸಮುದ್ರ ದೊಡ್ಡದು, ಎಲ್ಲಾ ಕರಗಿಸಿಕೊಳ್ಳುತ್ತೆ ಅನ್ನೋ ಲೆಕ್ಕ.

ಈ ಕ್ರೋಮಿಯಂ ಚಿಪ್‌ಗೆ ಹೇಳಿ ಮಾಡಿಸಿದ ಗಿರಾಕಿ. ಡೈಫಿನೈಲ್ ಕಾರ್ಬಜೈಡ್ ಅನ್ನೋ ರಾಸಾಯನಿಕ ಇದೆ. ಆಮ್ಲ ಬೆರೆಸಿದ ನೀರಿಗೆ ಇದನ್ನ ಹಾಕಿದರೆ ಹೆಕ್ಸಾವಲೆಂಟ್ ಕ್ರೋಮಿಯಂ ಇದ್ದ ಕಡೆ ನೇರಳೆ ಬಣ್ಣ ಏಳುತ್ತೆ. 540 ನ್ಯಾನೋಮೀಟರ್ ಹತ್ತಿರದ ಹಸಿರು ಬೆಳಕನ್ನ ಆ ಬಣ್ಣ ಹೀರುತ್ತೆ. ಲ್ಯಾಬುಗಳಲ್ಲಿ ದಶಕಗಳಿಂದ ಇದೇ ಪದ್ಧತಿ. ಹಸಿರು ಎಲ್‌ಇಡಿ, ಒಂದು ಸೆನ್ಸರ್, ಎರಡು ಪುಟ್ಟ ಪಂಪು, ಒಂದು ಚಿಪ್ ಇದ್ದರೆ ಅದೇ ಪರೀಕ್ಷೆಯನ್ನ ಮೋರಿ ಪಕ್ಕದ ಡಬ್ಬಿಯಲ್ಲಿ ಮಾಡಬಹುದು. ಕಾಗದದ ಪಟ್ಟಿಯ ಮೇಲೂ ಮಾಡಬಹುದು, ಬಣ್ಣವನ್ನ ಮೊಬೈಲ್ ಕ್ಯಾಮೆರಾದಿಂದ ಅಳೆಯಬಹುದು.

ಪ್ಲೇಟಿಂಗ್ ಘಟಕದವರನ್ನೆಲ್ಲಾ ಕಳ್ಳರ ತರ ನೋಡೋದೂ ಸರಿಯಲ್ಲ. ನಿಯಮ ಪ್ರಕಾರ ಮಾಡೋರಿಗೆ ಖರ್ಚಿದೆ. ಕ್ರೋಮ್ ನೀರಿಗೆ ಆಮ್ಲ ಹಾಕಿ, ಸೋಡಿಯಂ ಮೆಟಾಬೈಸಲ್ಫೈಟ್‌ನಿಂದ ಅದನ್ನ ಕಡಿಮೆ ವಿಷದ ರೂಪಕ್ಕೆ ತರಬೇಕು. ಆಮೇಲೆ ಸುಣ್ಣ ಹಾಕಿ ಕೆಸರಾಗಿ ಕೂರಿಸಬೇಕು. ಆ ಕೆಸರನ್ನ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ದುಡ್ಡು ಕೊಟ್ಟು ಕಳಿಸಬೇಕು. ಇಲ್ಲವೇ ನೀರನ್ನೇ ಟ್ಯಾಂಕರ್‌ನಲ್ಲಿ ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಕಳಿಸಬೇಕು. ಇಷ್ಟೆಲ್ಲಾ ಮಾಡೋ ಅಂಗಡಿ ಪಕ್ಕದಲ್ಲೇ ರಾತ್ರಿ ವಾಲ್ವ್ ತಿರುಗಿಸೋನು ಇದ್ದರೆ ಜಾಬ್ ವರ್ಕ್ ರೇಟು ಕಡಿಮೆ ಹೇಳೋದು ಅವನೇ. ಮೋರಿಯಲ್ಲಿ ಬೀದಿ ಬೀದಿಗೆ ಅಳತೆ ಇದ್ದರೆ ಮೊದಲು ಉಳಿಯೋದು ಪ್ರಾಮಾಣಿಕ ಅಂಗಡಿಯವನ ಮಾನ.

ದೊಡ್ಡ ಕಾರ್ಖಾನೆಗಳಿಗೆ ಆನ್‌ಲೈನ್ ಮಾಪನ ಈಗಾಗಲೇ ಇದೆ. ಹೆಚ್ಚು ಮಾಲಿನ್ಯ ಮಾಡೋ 17 ವರ್ಗದ ಕೈಗಾರಿಕೆಗಳು ಮತ್ತು ಸಾಮೂಹಿಕ ಶುದ್ಧೀಕರಣ ಘಟಕಗಳು ಇಂಥ ಯಂತ್ರ ಹಾಕಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಆದೇಶ ಕೊಟ್ಟಿದೆ. ಆ 17ರಲ್ಲಿ ಸಕ್ಕರೆ, ಡಿಸ್ಟಿಲರಿ, ಔಷಧ, ಚರ್ಮ, ಸಿಮೆಂಟ್ ಎಲ್ಲಾ ಇವೆ. ಎಲೆಕ್ಟ್ರೋಪ್ಲೇಟಿಂಗ್ ಇಲ್ಲ. 30x40 ಶೆಡ್ಡಿನಲ್ಲಿ ನಾಲ್ಕು ತೊಟ್ಟಿ ಇಟ್ಟುಕೊಂಡವರಿಗೆ ಅಷ್ಟು ದೊಡ್ಡ ಯಂತ್ರ ಹಾಕಿಸೋದು ಆಗದ ಮಾತು. ಚಿಪ್ ಯಂತ್ರಕ್ಕೆ ಜಾಗ ಇರೋದು ಈ ಸಂದಿಯಲ್ಲೇ.

ವೈಟ್‌ಫೀಲ್ಡ್ ಕಡೆಯ ಕಥೆ ಬೇರೆ

ಬೆಳ್ಳಂದೂರು, ವರ್ತೂರು ಕೆರೆಗಳ ಮುಖ್ಯ ಕಾಯಿಲೆ ಒಳಚರಂಡಿ ನೀರು. 2015, 2017, 2018ರಲ್ಲಿ ಬೆಳ್ಳಂದೂರಿನಲ್ಲಿ ಬೆಂಕಿ ಕಾಣಿಸಿಕೊಂಡಿದ್ದು, ರಸ್ತೆಗೆ ನೊರೆ ಹಾರಿ ಬಂದಿದ್ದು ಎಲ್ಲರಿಗೂ ನೆನಪಿದೆ. 2018ರ ಬೆಂಕಿ ಆರಿಸೋಕೆ ಸೇನೆಯ ಯೋಧರೇ ಬರಬೇಕಾಯ್ತು. ನೊರೆಗೆ ಮೂಲ ಡಿಟರ್ಜೆಂಟ್. ಮನೆಮನೆಯ ಸೋಪಿನ ನೀರು ಕೆರೆ ತಳದ ಹೂಳಿಗೆ ಅಂಟಿ ಕೂತಿರುತ್ತೆ. ಮಳೆ ಬಂದಾಗ ಅದು ಕದಡಿ ಮೇಲೆ ಬಂದು, ಕೋಡಿಯಲ್ಲಿ ಎತ್ತರದಿಂದ ಬೀಳುವಾಗ ನೊರೆ ಆಗುತ್ತೆ.

ಇಲ್ಲಿ ಅಳೆಯಬೇಕಾದದ್ದು ಫಾಸ್ಫೇಟ್, ಅಮೋನಿಯ, ನೈಟ್ರೇಟ್. ಮೂರಕ್ಕೂ ಬಣ್ಣ ಬರಿಸೋ ಪರೀಕ್ಷೆ ಇದೆ, ಮೂರನ್ನೂ ಚಿಪ್‌ನಲ್ಲಿ ಮಾಡಬಹುದು. ಮೀನು ಸಾಯೋದನ್ನ ಮುಂಚೆ ತಿಳಿಯಬೇಕು ಅಂದರೆ ಕರಗಿದ ಆಮ್ಲಜನಕ ನೋಡಬೇಕು, ಅದಕ್ಕೆ ಚಿಪ್ ಬೇಕಿಲ್ಲ, ನೀರಿಗೆ ಇಳಿಬಿಡೋ ಸಾಮಾನ್ಯ ಪ್ರೋಬ್ ಸಾಕು. ಎಲ್ಲದಕ್ಕೂ ಚಿಪ್ಪೇ ಮದ್ದು ಅನ್ನೋ ಹುಮ್ಮಸ್ಸಿನಲ್ಲಿ ಇದನ್ನ ಮರೆಯಬಾರದು.

ಈ ನೀರು ಪಕ್ಕದ ಜಿಲ್ಲೆಗೂ ಹೋಗ್ತಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನ ಕೋಲಾರದ ಕೆರೆಗಳಿಗೆ ತುಂಬಿಸೋ ಕೆ.ಸಿ. ವ್ಯಾಲಿ ಯೋಜನೆಯ ಸಾಮರ್ಥ್ಯ ದಿನಕ್ಕೆ 440 ದಶಲಕ್ಷ ಲೀಟರ್. 2018ರ ಜೂನ್‌ನಲ್ಲಿ ನೀರು ಹರಿಯಿತು, ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೆ ಹೋಯ್ತು, ಪಂಪಿಂಗ್‌ಗೆ ತಡೆಯೂ ಬಂತು. ಪೈಪಿನ ಬಾಯಲ್ಲಿ ಗಂಟೆಗೊಮ್ಮೆ ಅಳತೆ ತೋರಿಸೋ ಬೋರ್ಡು ಇದ್ದಿದ್ದರೆ ಆ ಜಗಳದ ಅರ್ಧ ಕಡಿಮೆ ಆಗ್ತಿತ್ತು. ನೊರೆ ನೋಡಿ ಹೆದರೋದು ರೈತರ ತಪ್ಪಲ್ಲ, ಅವರ ಕೈಯಲ್ಲಿ ಬೇರೆ ಅಳತೆಗೋಲು ಇರಲಿಲ್ಲ.

ಮೋರಿಯಲ್ಲಿ ಇಟ್ಟರೆ ಏನಾಗುತ್ತೆ

ಇಲ್ಲಿವರೆಗೆ ಹೇಳಿದ್ದು ಒಳ್ಳೇ ಸುದ್ದಿ. ಈಗ ಕೆಟ್ಟ ಸುದ್ದಿ. ಕೂದಲಿನಷ್ಟು ಕಾಲುವೆಗೆ ಪೀಣ್ಯದ ಮೋರಿ ನೀರು ಬಿಟ್ಟರೆ ಕಟ್ಟಿಕೊಳ್ಳೋಕೆ ಎಷ್ಟು ಹೊತ್ತು? ಮಣ್ಣು, ಗ್ರೀಸ್, ಪ್ಲಾಸ್ಟಿಕ್ ಚೂರು, ಪಾಚಿ ಎಲ್ಲಾ ಇದೆ. ಸಮುದ್ರದ ಯಂತ್ರಗಳ ಬಾಯಿಗೂ ಸೂಕ್ಷ್ಮ ಜರಡಿ ಇರುತ್ತೆ, ಆದರೆ ಆಳ ಸಮುದ್ರದ ನೀರು ನಮ್ಮ ಮೋರಿಗೆ ಹೋಲಿಸಿದರೆ ತೀರ್ಥ. ಇಲ್ಲಿ ಜರಡಿಯನ್ನ ದಿನಕ್ಕೊಮ್ಮೆ ಬದಲಿಸಬೇಕಾಗಿ ಬಂದರೂ ಆಶ್ಚರ್ಯ ಇಲ್ಲ. ಸಮುದ್ರದಲ್ಲಿ ತಿಂಗಳುಗಟ್ಟಲೆ ಬಾಳೋ ಯಂತ್ರ ಇಲ್ಲಿ ವಾರ ಬಾಳಿದರೆ ದೊಡ್ಡದು.

ಗಾಳಿ ಗುಳ್ಳೆ ಇನ್ನೊಂದು ಕಾಟ. ಒಂದು ಗುಳ್ಳೆ ಕಾಲುವೆಯಲ್ಲಿ ಸಿಕ್ಕಿಕೊಂಡರೆ ಬೆಳಕಿನ ಅಳತೆ ತಲೆಕೆಳಗು. ನೊರೆ ನೀರಿನಲ್ಲಿ ಗುಳ್ಳೆಗೆ ಬರ ಇಲ್ಲ. ಬಿಸಿಲಿಗೆ ರಾಸಾಯನಿಕ ಕೆಡುತ್ತೆ. ನೀರಿಗೆ ತನ್ನದೇ ಬಣ್ಣ ಇದ್ದರೆ, ಉದಾಹರಣೆಗೆ ಡೈಯಿಂಗ್ ಘಟಕದ ನೀರು, ಅದನ್ನ ಕಳೆದು ಲೆಕ್ಕ ಹಾಕಬೇಕು. ಕ್ರೋಮಿಯಂ ಪರೀಕ್ಷೆಗೆ ಕಬ್ಬಿಣದ ಅಂಶ ಜಾಸ್ತಿ ಇದ್ದರೂ ಅಡ್ಡಿ.

ಎಲ್ಲಕ್ಕಿಂತ ಮುಖ್ಯ ಮಿತಿ: ಚಿಪ್ ಯಾವುದನ್ನ ಹುಡುಕೋಕೆ ಮಾಡಿದ್ದಾರೋ ಅದನ್ನ ಮಾತ್ರ ಹುಡುಕುತ್ತೆ. ಕ್ರೋಮಿಯಂ ಚಿಪ್ ಮುಂದೆ ನಿಕ್ಕಲ್, ಸೀಸ, ಸೈನೈಡ್ ಹರಿದು ಹೋದರೂ ಅದಕ್ಕೆ ಗೊತ್ತಾಗಲ್ಲ. ಹಸಿರು ದೀಪ ಉರಿಯೋದು ಕಂಡು ನೀರು ಶುದ್ಧ ಅಂದುಕೊಂಡರೆ ಅದಕ್ಕಿಂತ ಅಪಾಯ ಇಲ್ಲ.

ಇದರ ಜೊತೆ ಮೋರಿ ಪಕ್ಕದ ಡಬ್ಬಿಯನ್ನ ಯಾರು ಕಾಯೋದು? ಬ್ಯಾಟರಿ, ಸೋಲಾರ್ ಪ್ಯಾನೆಲ್ ಎರಡೂ ಗುಜರಿಗೆ ಹೋಗೋ ಮಾಲು. ಜರಡಿ ಬದಲಿಸೋಕೆ, ರಾಸಾಯನಿಕ ತುಂಬೋಕೆ ವಾರ ವಾರ ಒಬ್ಬ ಮನುಷ್ಯ ಬರಬೇಕು, ಅವನಿಗೆ ಸಂಬಳ ಬೇಕು. ಯಂತ್ರ ಉದ್ಘಾಟನೆಗೆ ಬರೋ ಜನ ಜರಡಿ ಬದಲಿಸೋಕೆ ಬರಲ್ಲ.

ಚಿಪ್ ಹೇಳಿದ್ದು ಕೋರ್ಟಲ್ಲಿ ನಿಲ್ಲುತ್ತಾ?

ನೇರವಾಗಿ ನಿಲ್ಲಲ್ಲ. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಕಾನೂನಿನ ಮಾದರಿ ಅಂದರೆ ಮಂಡಳಿಯ ಅಧಿಕಾರಿ ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು ತೆಗೆದದ್ದು. ಅದನ್ನ ಎರಡು ಭಾಗ ಮಾಡಿ, ಸೀಲ್ ಹಾಕಿ, ಸಹಿ ಮಾಡಿ ಲ್ಯಾಬಿಗೆ ಕಳಿಸಬೇಕು. ಈ ಕ್ರಮ ತಪ್ಪಿದ ವರದಿ ಕೇಸಿನಲ್ಲಿ ಸಾಕ್ಷಿ ಆಗಲ್ಲ. ಮನೆಯವರು ತಾವೇ ಬಾಟಲಿ ತುಂಬಿ ಲ್ಯಾಬಿಗೆ ಕೊಟ್ಟ ವರದಿಗೂ ಇದೇ ಗತಿ.

ಹಾಗಂತ ಉಪಯೋಗ ಇಲ್ಲ ಅಂತಲ್ಲ. ಯಾವ ಬೀದಿ, ಯಾವ ವಾರ, ಎಷ್ಟು ಗಂಟೆಗೆ ಅನ್ನೋದು ಗೊತ್ತಾದರೆ ಅಧಿಕಾರಿಗಳು ಅದೇ ಹೊತ್ತಿಗೆ ಬಂದು ಕಾನೂನಿನ ಮಾದರಿ ತೆಗೆಯಬಹುದು. ಅದೇ ಕಾಯ್ದೆಯ 33ಎ ಕಲಂನಲ್ಲಿ ಘಟಕ ಮುಚ್ಚಿಸೋ, ಕರೆಂಟು, ನೀರು ಕಡಿತಗೊಳಿಸೋ ಅಧಿಕಾರ ಮಂಡಳಿಗಿದೆ. ಚಿಪ್ ಕಾವಲುಗಾರನ ಸೀಟಿ ಇದ್ದ ಹಾಗೆ. ಸೀಟಿ ಕೇಳಿ ಎದ್ದು ಬರೋರು ಇರಬೇಕು.

ಇಲ್ಲಿ ಯಾರು ಮಾಡ್ತಿದ್ದಾರೆ

ಚಿಪ್ ಮಾಡೋ ಕೈ ನಮ್ಮೂರಲ್ಲೇ ಇದೆ. ಮಲ್ಲೇಶ್ವರ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಇಂಥ ಸೂಕ್ಷ್ಮ ಸಾಧನ ತಯಾರಿಸೋ ದೊಡ್ಡ ಸೌಲಭ್ಯ ಇದೆ. ಹೊರಗಿನ ಕಾಲೇಜಿನವರೂ ಅಲ್ಲಿ ತರಬೇತಿ ಪಡೆದು ಕೆಲಸ ಮಾಡೋ ಕೇಂದ್ರ ಸರ್ಕಾರದ ಯೋಜನೆಯೂ ಇದೆ. ಅದೇ ಸಂಸ್ಥೆಯ ಉಪಕರಣ ಮತ್ತು ಅನ್ವಯಿಕ ಭೌತಶಾಸ್ತ್ರ ವಿಭಾಗದಲ್ಲಿ ಮೈಕ್ರೋಫ್ಲೂಯಿಡಿಕ್ ಉಪಕರಣಗಳ ಸಂಶೋಧನೆ ನಡೆಯುತ್ತೆ. ಎಲೆಕ್ಟ್ರಾನಿಕ್ ಸಿಟಿಯ ಬೆಂಗಳೂರು ಬಯೋಇನ್ನೋವೇಷನ್ ಸೆಂಟರ್‌ನಲ್ಲಿ ಹೊಸ ಕಂಪನಿಗಳಿಗೆ ಲ್ಯಾಬ್ ಜಾಗ ಸಿಗುತ್ತೆ. ಐಐಟಿ ಖರಗ್‌ಪುರದ ಸುಮನ್ ಚಕ್ರವರ್ತಿ ಅವರಿಗೆ ಈ ಕ್ಷೇತ್ರದ ಕೆಲಸಕ್ಕೆ 2022ರ ಇನ್ಫೋಸಿಸ್ ಪ್ರಶಸ್ತಿ ಬಂದಿದೆ.

ಇವರಲ್ಲಿ ಹೆಚ್ಚಿನವರ ಗಮನ ಇರೋದು ರಕ್ತ ಪರೀಕ್ಷೆ, ರೋಗ ಪತ್ತೆ ಕಡೆಗೆ. ಕಾರಣ ಸರಳ: ರಕ್ತ ಪರೀಕ್ಷೆಗೆ ದುಡ್ಡು ಕೊಡೋ ಗಿರಾಕಿ ಇದ್ದಾನೆ. ಮೋರಿ ಪರೀಕ್ಷೆಗೆ ದುಡ್ಡು ಕೊಡೋರು ಯಾರು? ಕಾರ್ಖಾನೆಗಳ ಸಂಘವೋ, ಪಾಲಿಕೆಯೋ, ಮಂಡಳಿಯೋ ಅನ್ನೋದು ತೀರ್ಮಾನ ಆಗೋವರೆಗೆ ಚಿಪ್ ಲ್ಯಾಬ್ ಬಿಟ್ಟು ಪೀಣ್ಯಕ್ಕೆ ಬರೋದು ಕಷ್ಟ.

ಅಲ್ಲಿವರೆಗೆ ಬೋರ್‌ವೆಲ್ ಇರೋರು ಏನು ಮಾಡಬೇಕು

ಪೀಣ್ಯ, ಅದರ ಸುತ್ತಲಿನ ಬಡಾವಣೆ, ವೃಷಭಾವತಿ ದಂಡೆಯ ಊರುಗಳಲ್ಲಿ ಬೋರ್‌ವೆಲ್ ನೀರು ಕುಡಿಯೋಕೆ, ಹೋಟೆಲ್ ಅಡುಗೆಗೆ, ಜ್ಯೂಸ್ ಅಂಗಡಿಗೆ ಬಳಸೋರು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸೋದು ಒಳ್ಳೇದು. ಲ್ಯಾಬಿನವರಿಗೆ ಬರೀ ವಾಟರ್ ಟೆಸ್ಟ್ ಅಂದರೆ ಗಡಸುತನ, ಪಿಎಚ್, ಕ್ಲೋರೈಡ್ ನೋಡಿ ಕೊಡ್ತಾರೆ. ಕ್ರೋಮಿಯಂ ಅಂತ ಬಾಯಿಬಿಟ್ಟು ಕೇಳಬೇಕು, ಜೊತೆಗೆ ಸೀಸ, ನಿಕ್ಕಲ್, ನೈಟ್ರೇಟ್ ಸೇರಿಸಿದರೆ ಉತ್ತಮ. ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬೇ ಆಗಿರಲಿ. ಗ್ರಾಮ ಪಂಚಾಯಿತಿಗಳಿಗೆ ಜಲ ಜೀವನ್ ಮಿಷನ್‌ನಲ್ಲಿ ಕೊಟ್ಟಿರೋ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಇಂಥವು ಗೊತ್ತಾಗುತ್ತವೆ, ಸಾಮಾನ್ಯವಾಗಿ ಕ್ರೋಮಿಯಂ ಗೊತ್ತಾಗಲ್ಲ.

ಮಾದರಿ ತೆಗೆಯೋ ಮುಂಚೆ ಮೋಟರ್ ಐದು ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಸಂಪಿನಿಂದ, ಓವರ್‌ಹೆಡ್ ಟ್ಯಾಂಕಿನಿಂದ ತೆಗೆಯಬೇಡಿ. ಲ್ಯಾಬಿನವರು ಕೊಟ್ಟ ಬಾಟಲಿಯಲ್ಲೇ ತುಂಬಿ. ಹೆಕ್ಸಾವಲೆಂಟ್ ಕ್ರೋಮಿಯಂ ನೋಡಿಸೋದಾದರೆ ಬಾಟಲಿಯನ್ನ ಐಸ್ ಡಬ್ಬಿಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಬೇಕು, ತಡವಾದರೆ ಅದು ರೂಪ ಬದಲಿಸಿ ಅಂಕಿ ಕಡಿಮೆ ತೋರಿಸಬಹುದು.

ವರದಿಯಲ್ಲಿ 0.05 ದಾಟಿದ್ದರೆ ಕುದಿಸಿ ಕುಡಿಯೋದರಿಂದ ಪ್ರಯೋಜನ ಇಲ್ಲ. ನೀರು ಆವಿ ಆಗಿ ಲೋಹ ಅಲ್ಲೇ ಉಳಿಯುತ್ತೆ, ಸಾಂದ್ರತೆ ಇನ್ನೂ ಏರುತ್ತೆ. ಬರೀ ಯುವಿ ಫಿಲ್ಟರ್, ಕ್ಯಾಂಡಲ್ ಫಿಲ್ಟರ್ ಕೂಡ ತೆಗೆಯಲ್ಲ. ಆರ್‌ಒ ಬಹುಪಾಲು ತೆಗೆಯುತ್ತೆ, ಆದರೆ ಅದು ಹೊರಹಾಕೋ ನೀರಿನಲ್ಲಿ ಕ್ರೋಮಿಯಂ ಹೆಚ್ಚಾಗಿ ಸೇರಿಕೊಂಡಿರುತ್ತೆ. ಆ ನೀರನ್ನ ಪಾತ್ರೆ ತೊಳೆಯೋಕೆ, ಸೊಪ್ಪಿನ ಮಡಿಗೆ ಬಿಡೋ ಅಭ್ಯಾಸ ಇದ್ದರೆ ನಿಲ್ಲಿಸಿ. ಕುಡಿಯೋಕೆ ಕಾವೇರಿ ನೀರು ಅಥವಾ ಬೇರೆ ಮೂಲ ನೋಡಿಕೊಳ್ಳಿ, ವರದಿಯ ಪ್ರತಿ ಇಟ್ಟು ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ದೂರಿನಲ್ಲಿ ವಾಸನೆ ಅಥವಾ ಬಣ್ಣ ಕಂಡ ದಿನಾಂಕ, ಗಂಟೆ, ಮೋರಿಯ ಜಾಗ ಮೂರೂ ಬರೆದಿರಲಿ.